ನಲವತ್ತು ಮಿಲಿಸೆಕೆಂಡಿಗೂ ಮೊದಲು

ಸೆಪ್ಟೆಂಬರಿನ ಒಂದು ಸಂಜೆ. ಶಿವಮೊಗ್ಗದ ಆಲ್ಕೊಳ ವೃತ್ತದಿಂದ ಒಳಗೆ ಎರಡು ತಿರುವು ದಾಟಿದರೆ ಸಿಗುವ ನಮ್ಮ ಬೀದಿಯಲ್ಲಿ ಆಟೋ ಬಂದು ನಿಂತಿತು. ಎದುರು ಮನೆಯ ಹುಡುಗಿಯನ್ನು ಅವಳ ಪಿಟಿ ಟೀಚರೂ ಜೊತೆಯ ಇನ್ನೊಬ್ಬ ಹುಡುಗಿಯೂ ಹೆಗಲು ಕೊಟ್ಟು ಇಳಿಸಿದರು. ಒಂಬತ್ತನೇ ಕ್ಲಾಸು. ಬೆಳಿಗ್ಗೆ ತಾಲ್ಲೂಕು ಮಟ್ಟದ ಕಬಡ್ಡಿಗೆ ನಗುನಗುತ್ತಾ ಹೋದವಳು. ಈಗ ಬಲ ಮಂಡಿ ತೆಂಗಿನಕಾಯಿಯ ಹಾಗೆ ಊದಿತ್ತು.

"ಯಾರಮ್ಮಾ ಬಿದ್ರು ಮೇಲೆ?" ಎಂದು ಕೇಳಿದೆ.

"ಯಾರೂ ಮುಟ್ಟೇ ಇಲ್ಲ ಅಂಕಲ್. ರೈಡಿಗೆ ಹೋಗಿದ್ದೆ. ಬೋನಸ್ ತಗೊಂಡು ವಾಪಸ್ ತಿರುಗೋಕೆ ಕಾಲು ಊರಿದೆ, ಒಳಗೆ ಟಪ್ ಅಂತು. ಅಷ್ಟೇ."

ಅವಳ ತಾಯಿ ಬಾಗಿಲಲ್ಲೇ ಕುಸಿದು ಕೂತಿದ್ದರು. "ಈ ಸಲ ಜಿಲ್ಲೆಗೆ ಹೋಗೇ ಹೋಗ್ತಾಳೆ ಅಂತ ಊರೆಲ್ಲಾ ಹೇಳ್ತಿದ್ರು. ದೃಷ್ಟಿ ಆಯ್ತು ನೋಡಿ."

ಆ ಎರಡು ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮಗಳು ಹೇಳಿದ್ದು ನಿಜ, ಅವಳನ್ನು ಯಾರೂ ಮುಟ್ಟಿರಲಿಲ್ಲ. ಯಾರೂ ಮುಟ್ಟದೆ ಮಗಳ ಕಾಲು ಮುರಿದ ಹಾಗಾದರೆ ತಾಯಿ ಕಾರಣವನ್ನು ಎಲ್ಲಿ ಹುಡುಕಬೇಕು? ಕಣ್ಣಿಗೆ ಕಾಣುವ ಕಾರಣವನ್ನು ಆಕೆಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಈ ಅಧ್ಯಾಯದಲ್ಲಿ ನಾನು ತೋರಿಸಬೇಕೆಂದಿರುವುದು ಅದನ್ನೇ. ಆಟದ ಗಾಯ ನಮಗೆ ಕಾಣುವುದು ಆಟದ ದಿನ. ಅದು ತಯಾರಾಗುವುದು ಅದಕ್ಕೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮೊದಲು. ಹಾಗಾಗಿಯೇ ಅದನ್ನು ತಡೆಯುವ ಅವಕಾಶವೂ ನಮಗೆ ಅಷ್ಟೇ ಮೊದಲಿನಿಂದ ಇರುತ್ತದೆ.

ಮಂಡಿಯ ಒಳಗೆ ಏನಾಯಿತು ಎಂಬುದನ್ನು ಮೊದಲು ನೋಡೋಣ. ತೊಡೆಯ ಮೂಳೆಯನ್ನೂ ಮಂಡಿ ಕೆಳಗಿನ ದೊಡ್ಡ ಮೂಳೆಯನ್ನೂ ಕಟ್ಟಿ ಹಿಡಿಯುವ ನಾಲ್ಕು ಮುಖ್ಯ ಹುರಿಗಳಿವೆ. ಅವುಗಳಲ್ಲಿ ಎರಡು ಕೀಲಿನ ನಟ್ಟನಡುವೆ ಒಂದನ್ನೊಂದು ಅಡ್ಡ ಹಾಯ್ದು ಕೂತಿವೆ. ಮುಂದಿನದು ಎಸಿಎಲ್. ಉದ್ದ ಸುಮಾರು ಮೂರು ಸೆಂಟಿಮೀಟರ್, ದಪ್ಪ ಹೆಚ್ಚುಕಡಿಮೆ ಕಿರುಬೆರಳಿನಷ್ಟು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ತಿರುಚಿಕೊಳ್ಳದಂತೆ ಹಿಡಿಯುವುದು ಅದರ ಕೆಲಸ. ಕಬಡ್ಡಿ ಹುಡುಗರು "ಲಿಗಮೆಂಟ್ ಹೋಯ್ತು" ಎಂದು ಹೇಳಿದರೆ ಬಹುತೇಕ ಇದೇ ಹುರಿಯ ಮಾತು. ಪೂರ್ತಿ ಹರಿದರೆ ತಾನಾಗಿ ಮತ್ತೆ ಕೂಡಿಕೊಳ್ಳುವುದು ಕಷ್ಟ. ಮತ್ತೆ ಆಟಕ್ಕೆ ಇಳಿಯಬೇಕೆನ್ನುವ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಮಾಡಿ ಬೇರೆ ಹುರಿಯನ್ನು ಅಲ್ಲಿ ಹೊಸೆಯಬೇಕಾಗುತ್ತದೆ.

ಎಸಿಎಲ್ ಹರಿಯುವ ಸಂದರ್ಭಗಳಲ್ಲಿ ಹೆಚ್ಚಿನವು ನಮ್ಮ ಹುಡುಗಿಯಂಥವೇ. ಎದುರಾಳಿ ಮಂಡಿಗೆ ಹೊಡೆದಿರುವುದಿಲ್ಲ. ಓಡುವಾಗ ತಟ್ಟನೆ ನಿಂತು ದಿಕ್ಕು ಬದಲಿಸಿರುತ್ತಾರೆ, ಇಲ್ಲವೇ ನೆಗೆದು ಒಂದೇ ಕಾಲ ಮೇಲೆ ಇಳಿದಿರುತ್ತಾರೆ. ಹ್ಯಾಂಡ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರ ಮಂಡಿ ಹೋದ ಕ್ಷಣಗಳ ವಿಡಿಯೊಗಳನ್ನು ನಾರ್ವೆಯ ವಿಜ್ಞಾನಿಗಳು ಒಂದೊಂದೇ ಚೌಕಟ್ಟು ಬಿಡಿಸಿ ನೋಡಿದರು. ಪಾದ ನೆಲ ಮುಟ್ಟಿದ ಮೇಲೆ ಹುರಿ ಹರಿಯಲು ತೆಗೆದುಕೊಂಡ ಹೊತ್ತು ಸುಮಾರು 40 ಮಿಲಿಸೆಕೆಂಡ್. ನಾವು ಒಂದು ಸಲ ಕಣ್ಣು ಮಿಟುಕಿಸುವುದರೊಳಗೆ ಇದು ಎರಡು ಮೂರು ಸಲ ನಡೆದು ಮುಗಿಯಬಹುದು. ಮಂಡಿ ಅಪಾಯದಲ್ಲಿದೆ ಎಂಬ ಸುದ್ದಿ ನರದಲ್ಲಿ ಬೆನ್ನುಹುರಿಗೆ ಹೋಗಿ, ಅಲ್ಲಿಂದ ಅಪ್ಪಣೆ ಹೊರಟು, ತೊಡೆಯ ಸ್ನಾಯು ಬಿಗಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎಷ್ಟೇ ಚುರುಕಿನ ಆಟಗಾರ್ತಿಯಾಗಿದ್ದರೂ ಆ ಹೊತ್ತಿನಲ್ಲಿ ತನ್ನನ್ನು ತಾನು ಉಳಿಸಿಕೊಳ್ಳಲಾರಳು. ಕಾಲು ನೆಲಕ್ಕೆ ಬರುವ ಮೊದಲೇ ತೊಡೆಯ, ಸೊಂಟದ ಸ್ನಾಯುಗಳು ಸರಿಯಾದ ಬಿಗಿಯಲ್ಲಿ ಕಾದಿರಬೇಕು. ಅದು ಯೋಚನೆಯಿಂದ ಬರುವುದಲ್ಲ, ರೂಢಿಯಿಂದ ಬರುವುದು.

ಯಾವ ಭಂಗಿ ಅಪಾಯ ಎಂಬುದೂ ಆ ವಿಡಿಯೊಗಳಲ್ಲಿ ಸ್ಪಷ್ಟವಾಗಿದೆ. ಮಂಡಿ ಹೆಚ್ಚು ಬಾಗಿರುವುದಿಲ್ಲ, ಕಾಲು ಬಹುಮಟ್ಟಿಗೆ ನೆಟ್ಟಗೆ ಇರುತ್ತದೆ. ಮೈಭಾರವೆಲ್ಲ ಒಂದೇ ಕಾಲಿನ ಮೇಲೆ. ಆ ಗಳಿಗೆಯಲ್ಲಿ ಮಂಡಿ ಒಳಕ್ಕೆ, ಇನ್ನೊಂದು ಮಂಡಿಯ ಕಡೆಗೆ, ಕುಸಿಯುತ್ತದೆ.

ಇದನ್ನು ನೀವು ಮನೆಯಲ್ಲೇ ನೋಡಬಹುದು. ಮಗುವನ್ನು ಜಗಲಿಯ ಮೆಟ್ಟಿಲ ಮೇಲೆ ನಿಲ್ಲಿಸಿ, ಒಂದಡಿ ಎತ್ತರ ಸಾಕು. ಕೆಳಗೆ ಹಾರಿ ಎರಡೂ ಕಾಲಿನ ಮೇಲೆ ಇಳಿಯಲು ಹೇಳಿ. ಎದುರಿನಿಂದ ಮೊಬೈಲಿನಲ್ಲಿ ವಿಡಿಯೊ ತೆಗೆದು ನಿಧಾನಗತಿಯಲ್ಲಿ ನೋಡಿ. ಮಂಡಿಚಿಪ್ಪು ಪಾದದ ಎರಡನೇ ಬೆರಳಿನ ನೇರಕ್ಕೆ ಇದೆಯೋ, ಒಳಕ್ಕೆ ವಾಲುತ್ತಿದೆಯೋ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಮೊಬೈಲು ಕೆಳಗಿಟ್ಟು ಬರೀ ಕಿವಿಯಲ್ಲಿ ಕೇಳಿ. ಧಪ್ ಎಂಬ ಸದ್ದು ಬಂದರೆ ನೆಲ ಕೊಟ್ಟ ಪೆಟ್ಟನ್ನೆಲ್ಲ ಕೀಲುಗಳು ನುಂಗಿದವು ಎಂದರ್ಥ. ಮಂಡಿ, ಸೊಂಟ, ಹರಡು ಮೂರೂ ಮೆತ್ತಗೆ ಬಾಗಿ ಇಳಿದರೆ ಸದ್ದೇ ಬರುವುದಿಲ್ಲ. "ಬೆಕ್ಕಿನ ಹಾಗೆ ಇಳಿ" ಎಂದು ಹೇಳಿದರೆ ಎಂಟು ವರ್ಷದ ಮಗುವಿಗೂ ತಿಳಿಯುತ್ತದೆ. ಸದ್ದಿಲ್ಲದೆ ಇಳಿಯಲು ಹೇಳಿದ ಮಾತ್ರಕ್ಕೆ ನೆಲದ ಪೆಟ್ಟು ಕಡಿಮೆಯಾಗುತ್ತದೆ ಎಂಬುದನ್ನು ಪ್ರಯೋಗಶಾಲೆಯಲ್ಲಿ ಅಳೆದೂ ನೋಡಿದ್ದಾರೆ.

ಒಂದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಲ್ಲಿ ಎಸಿಎಲ್ ಹರಿಯುವುದು ಎರಡು ಮೂರು ಪಟ್ಟು ಹೆಚ್ಚು. ಸೊಂಟದ ಅಗಲ, ಕೀಲಿನ ಸಡಿಲ, ಹಾರ್ಮೋನು ಎಂದು ಕಾರಣಗಳ ಚರ್ಚೆ ಇನ್ನೂ ನಡೆದಿದೆ. ನನ್ನ ಮಟ್ಟಿಗೆ ಇನ್ನೊಂದನ್ನು ಅವುಗಳಿಗಿಂತ ಮೊದಲು ಹೇಳಬೇಕು. ನಮ್ಮ ಬೀದಿಯ ಹುಡುಗ ಐದನೇ ವರ್ಷದಿಂದ ಕಾಂಪೌಂಡು ಹತ್ತಿ ಹಾರುತ್ತಾನೆ, ಬೀಳುತ್ತಾನೆ, ಏಳುತ್ತಾನೆ. ಅವನ ತಂಗಿಗೆ ಹತ್ತು ತುಂಬುವ ಹೊತ್ತಿಗೆ "ಕುಣೀಬೇಡ, ನೆಟ್ಟಗೆ ಕೂತ್ಕೋ" ಶುರುವಾಗುತ್ತದೆ. ಹದಿಮೂರಕ್ಕೆ ಅವಳನ್ನು ಕಬಡ್ಡಿ ಟೀಮಿಗೆ ಸೇರಿಸಿಕೊಳ್ಳುತ್ತೇವೆ. ಸಾವಿರಾರು ಸಲ ಹಾರಿ ಇಳಿದ ರೂಢಿ ಅವನ ಕಾಲಿಗಿದೆ, ಅವಳ ಕಾಲಿಗಿಲ್ಲ. ಸೊಂಟದ ಅಗಲವನ್ನು ನಾವು ಬದಲಿಸಲಾರೆವು, ಇದನ್ನು ಬದಲಿಸಬಹುದು.

ನೆಲದ ಮಾತೂ ಇದೆ. ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡುವಾಗ ತಿರುಗುವ ಪಾದ ಅರ್ಧ ಅಂಗುಲ ಜಾರುತ್ತದೆ. ಆ ಜಾರಿಕೆಯೇ ಮಂಡಿಯನ್ನು ಎಷ್ಟೋ ಸಲ ಕಾಪಾಡುತ್ತದೆ. ಮ್ಯಾಟಿನ ಮೇಲೆ ಶೂ ಹಾಕಿಕೊಂಡರೆ ಪಾದ ಊರಿದಲ್ಲೇ ಕಚ್ಚಿಕೊಳ್ಳುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವೆ ಸಿಕ್ಕುವುದು ಮಂಡಿ. ನಾರ್ವೆಯಲ್ಲಿ ಮಹಿಳಾ ಹ್ಯಾಂಡ್‌ಬಾಲ್ ಆಟಗಾರ್ತಿಯರ ಎಸಿಎಲ್ ಮರದ ಹಾಸಿಗಿಂತ ಹೆಚ್ಚು ಹಿಡಿತದ ಕೃತಕ ಹಾಸಿನ ಮೇಲೆ ಹೆಚ್ಚಾಗಿ ಹರಿದದ್ದು ಕಂಡುಬಂದಿತ್ತು. ನಮ್ಮ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಮಣ್ಣಿನಲ್ಲಿ. ಪಂದ್ಯ ದೊಡ್ಡದಾದಂತೆ ಮ್ಯಾಟು ಬರುತ್ತದೆ. ಪಂದ್ಯದ ದಿನವೇ ಮೊದಲ ಸಲ ಮ್ಯಾಟು ತುಳಿಸುವುದು ಎಂದರೆ ಕೆರೆಯಲ್ಲಿ ಈಜು ಕಲಿತವನನ್ನು ನೇರ ಸಮುದ್ರಕ್ಕೆ ಇಳಿಸಿದ ಹಾಗೆ. ಹತ್ತು ದಿನ ಮೊದಲಾದರೂ ಅದೇ ಶೂನಲ್ಲಿ, ಅಂಥದೇ ಹಾಸಿನ ಮೇಲೆ, ಅರ್ಧ ವೇಗದಲ್ಲಿ ತಿರುಗುವುದನ್ನು ಅಭ್ಯಾಸ ಮಾಡಿಸಬೇಕು.

ಹಾಗಾದರೆ ಏನು ಮಾಡಿದರೆ ತಡೆಯಬಹುದು? ಈ ಪ್ರಶ್ನೆಗೆ ಕ್ರೀಡಾ ವಿಜ್ಞಾನದಲ್ಲಿ ಗಟ್ಟಿ ಉತ್ತರವಿದೆ, ಅದಕ್ಕೆ ದುಡ್ಡೂ ಬೇಕಿಲ್ಲ. 2005ರಲ್ಲಿ ನಾರ್ವೆಯ 120 ಹ್ಯಾಂಡ್‌ಬಾಲ್ ಕ್ಲಬ್ಬುಗಳ 1,837 ಹದಿಹರೆಯದ ಆಟಗಾರರ ಅಧ್ಯಯನ ಪ್ರಕಟವಾಯಿತು. ಅರ್ಧದಷ್ಟು ಕ್ಲಬ್ಬುಗಳಿಗೆ ಓಟ, ಸಮತೋಲ, ನೆಗೆದು ಇಳಿಯುವುದು, ಬಲ ಇವುಗಳ ಕ್ರಮಬದ್ಧ ವಾರ್ಮ್ ಅಪ್ ಕೊಟ್ಟರು. ಅಲ್ಲಿ ಮಂಡಿ ಮತ್ತು ಹರಡಿನ ಗಾಯಗಳು ಸರಿಸುಮಾರು ಅರ್ಧಕ್ಕಿಳಿದವು. ಮೂರು ವರ್ಷದ ಬಳಿಕ 13ರಿಂದ 17 ವರ್ಷದ 1,892 ಫುಟ್‌ಬಾಲ್ ಹುಡುಗಿಯರ ಮೇಲೆ ಇಂಥದೇ ಇನ್ನೊಂದು ಅಧ್ಯಯನ. ಒಟ್ಟು ಗಾಯಗಳು ಸುಮಾರು ಮೂರರಲ್ಲೊಂದು ಪಾಲು ಕಡಿಮೆ, ತೀವ್ರ ಗಾಯಗಳು ಹತ್ತಿರ ಹತ್ತಿರ ಅರ್ಧ. ಈ ಎರಡನೆಯ ಕ್ರಮವನ್ನೇ ಫಿಫಾ ಇಲೆವೆನ್ ಪ್ಲಸ್ ಎಂಬ ಹೆಸರಿನಲ್ಲಿ ಜಗತ್ತಿಗೆ ಹಂಚಿತು. ಇಪ್ಪತ್ತು ನಿಮಿಷ, ಹದಿನೈದು ವ್ಯಾಯಾಮ. ಬೇಕಾದದ್ದು ಒಂದು ಚೆಂಡು ಮತ್ತು ಜೊತೆಗಾರ.

ಅದರಲ್ಲಿ ಒಂದನ್ನು ಹತ್ತಿರದಿಂದ ನೋಡಿ. ಎರಡಾಗಿ ಮಡಚಿದ ಗೋಣಿಚೀಲದ ಮೇಲೆ ಒಬ್ಬ ಮಂಡಿಯೂರಿ ನಿಲ್ಲುತ್ತಾನೆ. ಗೆಳೆಯ ಹಿಂದೆ ಕೂತು ಅವನ ಎರಡೂ ಹರಡುಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾನೆ. ಮಂಡಿಯಿಂದ ತಲೆಯವರೆಗೆ ಮೈಯನ್ನು ಹಲಗೆಯಂತೆ ನೆಟ್ಟಗೆ ಇಟ್ಟುಕೊಂಡು ಮುಂದಕ್ಕೆ ವಾಲಬೇಕು, ಸೊಂಟ ಮಡಚಬಾರದು. ಎಷ್ಟು ನಿಧಾನ ಆಗುತ್ತದೋ ಅಷ್ಟು ನಿಧಾನ. ಒಂದು ಹಂತದಲ್ಲಿ ತೊಡೆಯ ಹಿಂಭಾಗ ನಡುಗಲು ಶುರುವಾಗಿ ಹಿಡಿತ ತಪ್ಪುತ್ತದೆ, ಆಗ ಅಂಗೈ ಊರಿ ನೆಲ ಹಿಡಿಯಬೇಕು. ಮೊದಲ ವಾರ ಒಂದೇ ದಿನ, ಐದೈದರಂತೆ ಎರಡು ಸಲ ಸಾಕು. ಮಾರನೇ ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತದೆ, ಅದು ಸಹಜ. ಡೆನ್ಮಾರ್ಕಿನಲ್ಲಿ 942 ಫುಟ್‌ಬಾಲ್ ಆಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇದನ್ನು ಹತ್ತು ವಾರ ಹಂತಹಂತವಾಗಿ ಕಲಿಸಿದರು. 2011ರಲ್ಲಿ ಪ್ರಕಟವಾದ ಲೆಕ್ಕದಂತೆ ಮಾಡದವರ ಗುಂಪಿನಲ್ಲಿ 52 ಹ್ಯಾಮ್‌ಸ್ಟ್ರಿಂಗ್ ಗಾಯ, ಮಾಡಿದವರಲ್ಲಿ 15.

ತೊಡೆಯ ಹಿಂಭಾಗದ ಈ ಸ್ನಾಯು ಜೋರು ಓಟದಲ್ಲಿ ಯಾಕೆ ಹರಿಯುತ್ತದೆ? ಕಾಲು ಮುಂದಕ್ಕೆ ಬೀಸಿ, ಪಾದ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಅದು ಉದ್ದಕ್ಕೆ ಎಳೆಯಲ್ಪಡುತ್ತಲೇ ಬ್ರೇಕನ್ನೂ ಹಾಕಬೇಕು. ನಿಧಾನವಾಗಿ ವಾಲುವ ವ್ಯಾಯಾಮ ಕಲಿಸುವುದು ಇದನ್ನೇ, ಹಿಗ್ಗುತ್ತಾ ಬಿಗಿ ಹಿಡಿಯುವುದನ್ನು. ಓಟದಲ್ಲಿ ತೊಡೆಗೆ ಆಗುವ ಗಾಯ ಇದೊಂದೇ ಅಲ್ಲ. 2023ರ ಮೇ 1ರಂದು ಲಖನೌದಲ್ಲಿ ಆರ್‌ಸಿಬಿ ವಿರುದ್ಧದ ಐಪಿಎಲ್ ಪಂದ್ಯದಲ್ಲಿ ಕೆ.ಎಲ್. ರಾಹುಲ್ ಬೌಂಡರಿ ಕಡೆ ಹೊರಟ ಚೆಂಡನ್ನು ಬೆನ್ನಟ್ಟುತ್ತಾ ಬಲ ತೊಡೆ ಹಿಡಿದುಕೊಂಡು ಬಿದ್ದರು. ಅವರನ್ನೂ ಯಾರೂ ಮುಟ್ಟಿರಲಿಲ್ಲ. ತೊಡೆಗೆ ಶಸ್ತ್ರಚಿಕಿತ್ಸೆಯಾಗಿ, ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 111 ರನ್ ಹೊಡೆದು ಮರಳಿದರು.

ಈಗ ಆಟದ ದಿನಕ್ಕಿಂತ ವಾರಗಟ್ಟಲೆ ಹಿಂದಕ್ಕೆ ಹೋಗೋಣ. ನಮ್ಮ ಕಡೆಯ ಮಕ್ಕಳ ಮಟ್ಟಿಗೆ ಕತೆಯ ಬೇರು ಇರುವುದು ಮಳೆಗಾಲದಲ್ಲಿ. ಜೂನ್ ಕಳೆದು ಮಳೆ ಹಿಡಿಯಿತೆಂದರೆ ಶಾಲೆಯ ಮೈದಾನ ಕೆಸರುಗದ್ದೆ. ಪಿಟಿ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ. ಮಕ್ಕಳು ಎರಡು ತಿಂಗಳು ಬೆಂಚಿನ ಮೇಲೆ. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಹೋಬಳಿ ಮಟ್ಟ, ಅದರ ಬೆನ್ನಿಗೇ ತಾಲ್ಲೂಕು, ಆಮೇಲೆ ಜಿಲ್ಲೆ, ಮುಗಿಯುವಷ್ಟರಲ್ಲಿ ದಸರಾ ಕ್ರೀಡಾಕೂಟ. ಎರಡು ತಿಂಗಳು ಸುಮ್ಮನಿದ್ದ ಕಾಲಿಗೆ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಪ್ರಾಕ್ಟೀಸು. ಪ್ರೀತಿಯಿಂದ ದುಡಿಯುವ ಪಿಟಿ ಮೇಷ್ಟ್ರುಗಳೇ ಹೀಗೆ ಮಾಡಿಸುವುದನ್ನು ಕಂಡಿದ್ದೇನೆ. ಕ್ಯಾಲೆಂಡರು ಅವರನ್ನು ಓಡಿಸುತ್ತದೆ.

ಇದರ ಪರಿಣಾಮ ಮೂಳೆಯಲ್ಲಿ ಚೆನ್ನಾಗಿ ಕಾಣುತ್ತದೆ. ಮೂಳೆ ಸತ್ತ ಕಲ್ಲಲ್ಲ, ದಿನವೂ ರಿಪೇರಿಯಾಗುವ ರಸ್ತೆ. ಹೊರೆ ಹೆಚ್ಚಿದಾಗ ಅದು ಮೊದಲು ಮಾಡುವ ಕೆಲಸ ಅಗೆಯುವುದು. ಸವೆದ ಭಾಗವನ್ನು ಒಂದು ಬಗೆಯ ಜೀವಕೋಶಗಳು ಕೆರೆದು ಹಾಕುತ್ತವೆ, ಇನ್ನೊಂದು ಬಗೆಯವು ಆ ಹಳ್ಳವನ್ನು ಹೊಸ ಮೂಳೆಯಿಂದ ತುಂಬುತ್ತವೆ. ಅಗೆತಕ್ಕೆ ಸುಮಾರು ಮೂರು ವಾರ, ತುಂಬುವುದಕ್ಕೆ ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು. ಪೈಪು ಹಾಕಲು ರಸ್ತೆ ಅಗೆದು, ಜಲ್ಲಿ ಇನ್ನೂ ಬೀಳದ ಹೊತ್ತಿನಲ್ಲಿ ಅದೇ ರಸ್ತೆಯಲ್ಲಿ ಕಬ್ಬಿನ ಲಾರಿ ಬಿಟ್ಟರೆ ಏನಾಗುತ್ತದೋ ಅದೇ ಮೂಳೆಗೂ ಆಗುತ್ತದೆ. ಪ್ರಾಕ್ಟೀಸು ಶುರುವಾಗಿ ಮೂರು ನಾಲ್ಕು ವಾರಕ್ಕೆ, ಸರಿಯಾಗಿ ಪಂದ್ಯದ ಹೊತ್ತಿಗೆ, ಮೂಳೆ ಮೊದಲಿಗಿಂತ ದುರ್ಬಲ. ಪ್ರಷ್ಯಾದ ಸೈನ್ಯದ ವೈದ್ಯ ಬ್ರೈಟ್‌ಹೌಪ್ಟ್ 1855ರಲ್ಲೇ ದೀರ್ಘ ನಡಿಗೆಯ ಸೈನಿಕರ ಊದಿದ ಪಾದಗಳ ಬಗ್ಗೆ ಬರೆದಿದ್ದ. ಎಕ್ಸ್‌ರೇ ಬಂದ ಮೇಲೆ ಗೊತ್ತಾಯಿತು, ಒಳಗೆ ಕೂದಲೆಳೆಯಂಥ ಬಿರುಕು ಇತ್ತೆಂದು.

ಸಾಗರ ರಸ್ತೆಯಲ್ಲಿ ಬೆಳಗಿನ ಜಾವ ಗಾಡಿಕೊಪ್ಪದ ಕಡೆ ಓಡುವ ಹುಡುಗರನ್ನು ನಾನು ದಿನವೂ ನೋಡುತ್ತೇನೆ. ಪೊಲೀಸ್ ನೇಮಕಾತಿಗೆ, ಸೈನ್ಯದ ಭರ್ತಿಗೆ ತಯಾರಾಗುವವರು. ಪ್ರಕಟಣೆ ಬಂದ ಮಾರನೇ ದಿನ ಶುರು. ಡಾಂಬರಿನ ಮೇಲೆ, ಹಳೇ ಶೂನಲ್ಲಿ, ಮೊದಲ ವಾರವೇ ಐದಾರು ಕಿಲೋಮೀಟರ್. ತಿಂಗಳು ತುಂಬುವಷ್ಟರಲ್ಲಿ ಮಂಡಿ ಕೆಳಗಿನ ಮೂಳೆಯ ಒಳಬದಿ ಹಿಡಿದು ಕೂರುತ್ತಾರೆ. ನೋವು ಬೆರಳಗಲ ಜಾಗದಲ್ಲೇ ಇದ್ದು, ಒತ್ತಿದರೆ ಚುಚ್ಚುವಂತಿದ್ದರೆ, ರಾತ್ರಿ ಮಲಗಿದಾಗಲೂ ಕಾಡಿದರೆ ಅದು ಬಿರುಕಿನ ಸೂಚನೆ ಇರಬಹುದು. ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಲೇಬೇಕು. ನೋವಿನ ಮಾತ್ರೆ ನುಂಗಿ ಓಡುವುದು ಮನೆಗೆ ಬೆಂಕಿ ಬಿದ್ದಾಗ ಕೂಗುವವನ ಬಾಯಿ ಮುಚ್ಚಿಸಿದ ಹಾಗೆ.

ಕ್ರಿಕೆಟ್ಟಿನಲ್ಲಿ ಈ ಹೊರೆಯ ಲೆಕ್ಕ ಇನ್ನೂ ಸ್ಪಷ್ಟ. ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 91 ಟೆಸ್ಟ್ ಆಡಿದರು, ಅದರಲ್ಲಿ 87 ಒಂದೂ ತಪ್ಪದೆ ಸಾಲಾಗಿ. ರಾಹುಲ್ ದ್ರಾವಿಡ್ 1996ರ ಚೊಚ್ಚಲ ಪಂದ್ಯದಿಂದ ಸತತ 93. ಇಬ್ಬರೂ ಬ್ಯಾಟ್ಸ್‌ಮನ್. ವೇಗದ ಬೌಲರುಗಳ ಕತೆ ಬೇರೆ. ಜಾವಗಲ್ ಶ್ರೀನಾಥ್ ಭುಜದ ಸ್ನಾಯುರಜ್ಜು ಹರಿದು 1997ರ ವೆಸ್ಟ್ ಇಂಡೀಸ್ ಪ್ರವಾಸ ಕಳೆದುಕೊಂಡರು. ನಮ್ಮ ಕಾಲದ ಪ್ರಸಿದ್ಧ್ ಕೃಷ್ಣ ಬೆನ್ನಿನ ಕೆಳಭಾಗದ ಮೂಳೆ ಬಿರುಕಿನಿಂದ 2022ರಲ್ಲಿ ಹೊರಗುಳಿದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2023ರ ಐಪಿಎಲ್ಲನ್ನು ಪೂರ್ತಿ ಬಿಟ್ಟು, ಆ ಆಗಸ್ಟಿನಲ್ಲಿ ಐರ್ಲೆಂಡಿನಲ್ಲಿ ಮತ್ತೆ ಚೆಂಡು ಹಿಡಿದರು. 2024ರ ಫೆಬ್ರವರಿಯಲ್ಲಿ ತೊಡೆಯ ಸ್ನಾಯುರಜ್ಜುವಿಗೆ ಇನ್ನೊಂದು ಶಸ್ತ್ರಚಿಕಿತ್ಸೆ. ಅಷ್ಟೆಲ್ಲ ಆದ ಮೇಲೆ 2025ರ ಐಪಿಎಲ್ಲಿನಲ್ಲಿ 25 ವಿಕೆಟ್ ಕಿತ್ತು ಎಲ್ಲರಿಗಿಂತ ಮೇಲೆ ನಿಂತರು. ಆ ತಾಳ್ಮೆಗೆ ನನ್ನ ನಮಸ್ಕಾರ.

ವೇಗದ ಬೌಲರ್ ಮುಂದಿನ ಕಾಲು ಊರಿದಾಗ ನೆಲ ತಿರುಗಿ ಕೊಡುವ ಪೆಟ್ಟು ಮೈತೂಕದ ಐದು ಪಟ್ಟನ್ನೂ ಮೀರಬಹುದು. ಅದೇ ಕ್ಷಣ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿರುತ್ತದೆ. ಬಲಗೈ ಬೌಲರಿಗೆ ಬಿರುಕು ಹೆಚ್ಚಾಗಿ ಬೆನ್ನೆಲುಬಿನ ಎಡಬದಿಯಲ್ಲಿ ಬರುವುದು ಈ ಕಾರಣಕ್ಕೇ. ಬೆನ್ನಿನ ಆ ಮೂಳೆಗಳು ಪೂರ್ತಿ ಗಟ್ಟಿಯಾಗಲು ಇಪ್ಪತ್ತೈದರ ಆಸುಪಾಸು ಆಗಬೇಕು. ಆಸ್ಟ್ರೇಲಿಯಾದ ಜಾನ್ ಆರ್ಚರ್ಡ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ್ದು ನನ್ನ ಇಡೀ ವಾದಕ್ಕೆ ಆಧಾರ. ಒಂದೇ ಪಂದ್ಯದಲ್ಲಿ 50 ಓವರಿಗಿಂತ ಹೆಚ್ಚು ಎಸೆದ ಬೌಲರಿಗೆ ಗಾಯದ ಅಪಾಯ ಏರಿದ್ದು ಆ ಪಂದ್ಯದಲ್ಲಲ್ಲ, ನಂತರದ ಮೂರು ನಾಲ್ಕು ವಾರಗಳಲ್ಲಿ. ಆಗ ಬೌಲರಿಗೂ ಕೋಚಿಗೂ ಆ 50 ಓವರು ಮರೆತೇ ಹೋಗಿರುತ್ತದೆ. ಇವತ್ತಿನ ಒಂದು ಚೆಂಡನ್ನೇ ದೂರುತ್ತಾರೆ.

ನವುಲೆಯ ಕ್ರಿಕೆಟ್ ಮೈದಾನದ ಕನಸು ಹೊತ್ತ ಹನ್ನೆರಡರ ಹುಡುಗ ಶನಿವಾರ ನೆಟ್ಸ್, ಭಾನುವಾರ ಬೆಳಿಗ್ಗೆ ಲೆದರ್ ಬಾಲ್ ಪಂದ್ಯ, ಸಂಜೆ ಬಡಾವಣೆಯ ಟೆನಿಸ್ ಬಾಲ್ ಟೂರ್ನಿ ಎಂದು ಓಡಾಡುತ್ತಾನೆ. ಮೂರು ಕಡೆಯೂ ಅವನೇ ಓಪನಿಂಗ್ ಬೌಲರ್. ಟೆನಿಸ್ ಬಾಲು ಹಗುರ ಇರಬಹುದು, ಅವನ ಕಾಲು ನೆಲಕ್ಕೆ ಅಪ್ಪಳಿಸುವುದು ಅಷ್ಟೇ ಜೋರು. 13ರೊಳಗಿನ ವೇಗದ ಬೌಲರಿಗೆ ಒಂದು ಸ್ಪೆಲ್ಲಿನಲ್ಲಿ 5 ಓವರ್, ದಿನಕ್ಕೆ 10 ಓವರ್ ಮೀರಬಾರದೆಂದು ಇಂಗ್ಲೆಂಡಿನ ಮಂಡಳಿ ಮಿತಿ ಹಾಕಿತು. ನಮ್ಮಲ್ಲಿ ಆ ಲೆಕ್ಕ ಇಡಬೇಕಾದವರು ಅಪ್ಪ ಅಮ್ಮ, ಯಾಕೆಂದರೆ ಮೂರು ಕಡೆಯ ಓವರುಗಳನ್ನು ಕೂಡಿಸಿ ನೋಡಬಲ್ಲವರು ಅವರು ಮಾತ್ರ. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ ದಿನದ ಚೆಂಡು ಬರೆಯಿರಿ. ಇನ್ನೊಂದು ಸುಲಭದ ಅಳತೆಯೂ ಇದೆ. ಮಗು ವಾರದಲ್ಲಿ ತರಬೇತಿಯ ಆಟ ಆಡುವ ಗಂಟೆಗಳು ಅದರ ವಯಸ್ಸನ್ನು ಮೀರಬಾರದು. ಹನ್ನೆರಡರ ಮಗುವಿಗೆ ವಾರಕ್ಕೆ ಹನ್ನೆರಡು ಗಂಟೆ. ಈ ಗೆರೆ ದಾಟಿದ ಮಕ್ಕಳಲ್ಲಿ ಗಾಯ ಹೆಚ್ಚೆಂದು ಅಮೆರಿಕದ ಅಧ್ಯಯನವೊಂದು ಕಂಡಿದೆ. ಬೀದಿಯಲ್ಲಿ ಮನಸ್ಸಿಗೆ ಬಂದಂತೆ ಆಡುವ ಆಟ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ಎಷ್ಟಾದರೂ ಇರಲಿ.

ಇನ್ನು ಹರಡು. ಆಟದಲ್ಲಿ ಅತಿ ಹೆಚ್ಚು ಆಗುವ ಗಾಯ ಕಾಲು ಉಳುಕುವುದೇ. ನನ್ನ ಎಡಗಾಲೇ ಇದಕ್ಕೆ ಸಾಕ್ಷಿ. ಕಾಲೇಜಿನ ದಿನಗಳಲ್ಲಿ ವಾಲಿಬಾಲ್ ಆಡುತ್ತಾ ನೆಟ್ಟಿನ ಬಳಿ ನೆಗೆದವನು ಎದುರಾಳಿಯ ಪಾದದ ಮೇಲೆ ಇಳಿದೆ. ಪಾದ ಒಳಕ್ಕೆ ಮಗುಚಿತು. ಅದೇ ರಾತ್ರಿ ಉಳುಕು ತೆಗೆಯುವ ಹಿರಿಯರೊಬ್ಬರ ಬಳಿ ಕರೆದುಕೊಂಡು ಹೋದರು. ಎಣ್ಣೆ ಹಚ್ಚಿ ಊದಿದ ಜಾಗವನ್ನೇ ನೀವಿದರು, ನಾನು ಹಲ್ಲು ಕಚ್ಚಿ ಕೂತಿದ್ದೆ. ಹತ್ತನೇ ದಿನ ಮತ್ತೆ ಅಂಗಳಕ್ಕೆ ಇಳಿದೆ. ಆ ಕಾಲು ಆಮೇಲೆ ಆರು ಸಲ ಉಳುಕಿದೆ. ಕಳೆದ ವರ್ಷ ಎಪಿಎಂಸಿ ಎದುರು ಬಸ್ಸಿಳಿಯುವಾಗಲೂ.

ಆ ಹಿರಿಯರ ಕೈಯಲ್ಲಿ ಪ್ರೀತಿಯಿತ್ತು. ಆದರೆ ಉಳುಕು ಎಂದರೆ ಮೂಳೆ ಜಾಗ ತಪ್ಪಿದ್ದಲ್ಲ, ಹೊರಬದಿಯ ಲಿಗಮೆಂಟಿನ ಎಳೆಗಳು ಹರಿದದ್ದು. ಹೊಸ ಗಾಯವನ್ನು ಬಲವಾಗಿ ನೀವಿದರೆ ಒಳಗಿನ ರಕ್ತಸ್ರಾವ, ಊತ ಹೆಚ್ಚಬಹುದು. ಮೂಳೆಯೇ ಸೀಳಿದ್ದರೆ ಇನ್ನೂ ಅಪಾಯ. ಮೂಳೆ ಮುರಿದಿದೆಯೇ ಎಂದು ಅಂದಾಜು ಮಾಡಲು ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಗಾಯಗೊಂಡವನು ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಬಲ್ಲನೇ? ಹರಡಿನ ಎರಡೂ ಬದಿಯ ಉಬ್ಬುಮೂಳೆಯ ಹಿಂಚು, ಪಾದದ ಹೊರಬದಿಯ ನಡುವಿನ ಉಬ್ಬು, ಒಳಬದಿಯ ನಡುವಿನ ಮೂಳೆ, ಇವುಗಳನ್ನು ಒತ್ತಿದರೆ ನೋವಿದೆಯೇ? ಹೆಜ್ಜೆ ಇಡಲಾಗದಿದ್ದರೆ ಅಥವಾ ಈ ಮೂಳೆಗಳ ಮೇಲೇ ನೋವಿದ್ದರೆ ಎಕ್ಸ್‌ರೇ ತೆಗೆಸಬೇಕು. ಪಿಟಿ ಮೇಷ್ಟ್ರುಗಳೆಲ್ಲ ಇದನ್ನು ಕಲಿತಿದ್ದರೆ ಎಷ್ಟು ಮಕ್ಕಳು ಸೀಳಿದ ಮೂಳೆಯಲ್ಲಿ ವಾರಗಟ್ಟಲೆ ಕುಂಟುವುದು ತಪ್ಪುತ್ತಿತ್ತು!

ಐಸಿನ ಬಗ್ಗೆಯೂ ತಿಳುವಳಿಕೆ ಬದಲಾಗಿದೆ. ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲು ಎತ್ತರದಲ್ಲಿ, ಈ ನಾಲ್ಕರ ಸೂತ್ರವನ್ನು 1978ರಲ್ಲಿ ಪ್ರಸಿದ್ಧಿಗೆ ತಂದ ಅಮೆರಿಕದ ಡಾ. ಗೇಬ್ ಮಿರ್ಕಿನ್ ಅವರೇ ಮುಂದೆ, ಐಸೂ ಪೂರ್ಣ ವಿಶ್ರಾಂತಿಯೂ ಮಾಯುವುದನ್ನು ನಿಧಾನಿಸಬಹುದು ಎಂದು ಒಪ್ಪಿಕೊಂಡರು. ನೋವಿಗೆ ಮೊದಲ ಗಂಟೆಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಐಸು ಹತ್ತು ನಿಮಿಷ ಇಟ್ಟರೆ ತಪ್ಪಿಲ್ಲ. ಬಿಗಿಪಟ್ಟಿ ಕಟ್ಟಿ, ಒಂದೆರಡು ದಿನ ಕಳೆದ ಮೇಲೆ ನೋವು ತಡೆದುಕೊಳ್ಳುವಷ್ಟು ಪಾದ ಆಡಿಸಲು ಶುರುಮಾಡಬೇಕು. ತಿಂಗಳುಗಟ್ಟಲೆ ಕಾಲು ಕಟ್ಟಿ ಕೂರುವುದೂ ತಪ್ಪು, ನನ್ನಂತೆ ಹತ್ತೇ ದಿನಕ್ಕೆ ನೆಗೆಯುವುದೂ ತಪ್ಪು.

ನಾನು ಮಾಡದೇ ಬಿಟ್ಟ ಕೆಲಸ ಇನ್ನೊಂದಿದೆ. ಲಿಗಮೆಂಟಿನಲ್ಲಿ ಪಾದ ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ನರದ ತುದಿಗಳಿರುತ್ತವೆ. ಉಳುಕಿದಾಗ ಆ ಸುದ್ದಿವಾಹಕ ವ್ಯವಸ್ಥೆಯೂ ಕೆಡುತ್ತದೆ. ಊತ ಇಳಿದರೂ ಪಾದಕ್ಕೆ ತನ್ನ ನೆಲೆ ತಿಳಿಯುವುದಿಲ್ಲ. ಒಂದು ಸಲ ಉಳುಕಿದ ಕಾಲೇ ಮತ್ತೆ ಉಳುಕುವುದಕ್ಕೆ ಇದೊಂದು ದೊಡ್ಡ ಕಾರಣ. ಮದ್ದು ಸುಲಭ. ಹಲ್ಲುಜ್ಜುವಾಗ ಒಂದೇ ಕಾಲ ಮೇಲೆ ನಿಲ್ಲಿ. ಅಲುಗದೆ ನಿಲ್ಲಲು ಬಂದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ಅದೂ ಬಂದ ಮೇಲೆ ಮಡಚಿದ ಕಂಬಳಿಯ ಮೇಲೆ ನಿಂತು, ಎದುರಿನವರು ಎಸೆದ ಚೆಂಡು ಹಿಡಿಯಿರಿ. ನಾರ್ವೆಯ ವಾಲಿಬಾಲ್ ತಂಡಗಳು ಇಂಥ ಸಮತೋಲದ ಅಭ್ಯಾಸ ಮಾಡಿಸಿ, ನೆಟ್ಟಿನ ಗೆರೆ ದಾಟದಂತೆ ನೆಗೆಯುವುದನ್ನೂ ಕಲಿಸಿದಾಗ ಉಳುಕು ಅರ್ಧಕ್ಕಿಳಿಯಿತು, 1997ರಷ್ಟು ಹಿಂದೆಯೇ.

ಆಟಕ್ಕೆ ಮೊದಲು ನಿಂತಲ್ಲೇ ಕಾಲು ಚಾಚಿ ಎಳೆಯುವ ಹಳೇ ಪದ್ಧತಿಗೆ ಗಾಯ ತಡೆಯುವ ಶಕ್ತಿಯಿಲ್ಲ. 2000ರಲ್ಲಿ ಆಸ್ಟ್ರೇಲಿಯಾದ ಸೈನ್ಯಕ್ಕೆ ಹೊಸದಾಗಿ ಸೇರಿದ 1,538 ಯುವಕರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಮೈ ಬೆಚ್ಚಗಾಗುವಂತೆ ಓಡಿ, ಹಾರಿ, ತಿರುಗಿ ಶುರುಮಾಡುವುದೇ ಸರಿ. ನಿದ್ದೆಯೂ ವಾರ್ಮ್ ಅಪ್‌ನಷ್ಟೇ ಮುಖ್ಯ. ಎಂಟು ಗಂಟೆಗಿಂತ ಕಡಿಮೆ ಮಲಗುವ ಹದಿಹರೆಯದ ಆಟಗಾರರಿಗೆ ಗಾಯದ ಸಾಧ್ಯತೆ 1.7 ಪಟ್ಟು ಎಂದು 2014ರ ಅಧ್ಯಯನವೊಂದು ಹೇಳಿದೆ. ರಾತ್ರಿ ಹನ್ನೊಂದರವರೆಗೆ ಟ್ಯೂಷನ್ ಹೋಮ್‌ವರ್ಕು, ಬೆಳಿಗ್ಗೆ ಐದಕ್ಕೆ ಪ್ರಾಕ್ಟೀಸು ಎನ್ನುವ ಮನೆಗಳು ಇದನ್ನು ಯೋಚಿಸಬೇಕು.

ಯಾರೂ ಬಾಯಿಬಿಟ್ಟು ಆಡದ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಕಷ್ಟದ ತರಬೇತಿ, ಅರೆಹೊಟ್ಟೆ ಎರಡೂ ಕೂಡಿದಾಗ ಹುಡುಗಿಯರ ಮುಟ್ಟು ನಿಲ್ಲುವುದುಂಟು. ಕೆಲವು ಕೋಚುಗಳೂ ತಾಯಂದಿರೂ ಅದನ್ನು ಅನುಕೂಲ ಎಂದುಕೊಂಡು ಸುಮ್ಮನಾಗುತ್ತಾರೆ. ಮೂಳೆ ಕಟ್ಟಲು ಬೇಕಾದ ಈಸ್ಟ್ರೋಜನ್ ಇಳಿದಿದೆ ಎಂದು ದೇಹ ಕೂಗಿ ಹೇಳುತ್ತಿರುವ ರೀತಿ ಅದು. ಹಾಗೇ ಬಿಟ್ಟರೆ ಬಿರುಕು ಕಾದಿರುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೊಂದು ಹೆಸರು ಕೊಟ್ಟು ಎಚ್ಚರಿಸಿತು, ಹುಡುಗರಲ್ಲೂ ಇಂಥದೇ ತೊಂದರೆ ಇದೆಯೆಂದು ಸೇರಿಸಿತು. ಮೂರು ತಿಂಗಳು ಮುಟ್ಟು ಬರಲಿಲ್ಲವೆಂದರೆ ವೈದ್ಯರಲ್ಲಿಗೆ ಹೋಗಿ. ಪ್ರಾಕ್ಟೀಸಿಗೆ ಹೊರಡುವ ಮೊದಲು ಒಂದು ಲೋಟ ರಾಗಿ ಗಂಜಿ, ಬಂದ ಕೂಡಲೇ ಮೊಟ್ಟೆಯೋ ಶೇಂಗಾ ಉಂಡೆಯೋ, ಆಮೇಲೆ ಹೊಟ್ಟೆ ತುಂಬ ಊಟ. ಖಾಲಿ ಹೊಟ್ಟೆಯಲ್ಲಿ ಓಡಿಸುವುದು ಶಿಸ್ತಲ್ಲ.

ಎದುರು ಮನೆಯ ಹುಡುಗಿಗೆ ಶಸ್ತ್ರಚಿಕಿತ್ಸೆಯಾಯಿತು. ಎರಡನೇ ತಿಂಗಳಿಗೇ ಕುಂಟದೆ ನಡೆದಳು, ನಾಲ್ಕಕ್ಕೆ ಓಡಿದಳು, ಐದಕ್ಕೆ "ಆಡ್ಲಾ ಅಂಕಲ್?" ಎಂದು ಪೀಡಿಸಿದಳು. ನಾನು ಬೇಡವೆಂದೆ. ಒಂಬತ್ತು ತಿಂಗಳು ತುಂಬುವವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮಂಡಿ ಮತ್ತೆ ಹೋಗುವ ಅಪಾಯ ಅರ್ಧದಷ್ಟು ಇಳಿಯುತ್ತದೆ ಎಂಬ 2016ರ ನಾರ್ವೆಯ ಲೆಕ್ಕವನ್ನು ಅವಳಿಗೂ ತಾಯಿಗೂ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ. ತಾಯಿ ಆ ಹಾಳೆಯನ್ನು ದೇವರ ಗೂಡಿನ ಪಕ್ಕ ಅಂಟಿಸಿದರು.

ಮುಂದಿನ ಜುಲೈ. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಅವಳ ಶಾಲೆಯಲ್ಲಿ ಪಿಟಿ ಟೀಚರು ಈ ಸಲ ಪೀರಿಯಡ್ಡು ಬಿಟ್ಟುಕೊಟ್ಟಿರಲಿಲ್ಲ. ಹೇಳಿ ಕಳಿಸಿದ್ದರೆಂದು ಛತ್ರಿ ಹಿಡಿದು ಹೋದೆ. ಉದ್ದದ ಜಗಲಿಯಲ್ಲಿ ಹನ್ನೆರಡು ಹುಡುಗಿಯರು, ಬೆಂಚಿನ ಮೇಲಿಂದ ಒಬ್ಬೊಬ್ಬರಾಗಿ ಹಾರಿ ಇಳಿಯುತ್ತಿದ್ದರು. ನಮ್ಮ ಹುಡುಗಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದಳು. ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಒಬ್ಬಳು ಇಳಿದಳು, ಎರಡನೆಯವಳು, ಮೂರನೆಯವಳು. ನಾಲ್ಕನೆಯವಳು ಇಳಿದಾಗ ನಮ್ಮವಳು ಕಣ್ಣು ಬಿಡದೆಯೇ ಬೆರಳು ಚಾಚಿದಳು.

"ನಿಂದು ಕೇಳಿಸ್ತು ಕಣೇ. ಇನ್ನೊಂದ್ಸಲ."